ಸೋಲಿಸಿದವನಿಂದ ಕಲಿಯುವುದು ಹೇಗೆ? ಗಡಿನಾಡಿನ ಪಕ್ಷ ಘಟಕಗಳಿಗೆ ಹಂತ ಹಂತದ ಮಾರ್ಗದರ್ಶಿ

ಚುನಾವಣೆ ಮುಗಿದ ಮೇಲೆ ನಮ್ಮ ಕಾಸರಗೋಡಿನ ಕಡೆ ಒಂದೇ ಬಗೆಯ ಸಭೆ ನಡೆಯುತ್ತದೆ. ಮಾಳಿಗೆಯ ಮೇಲೊಂದು ಹಾಲ್, ಇಪ್ಪತ್ತು ಕುರ್ಚಿ, ಚಾ, ಗೋಳಿಬಜೆ. ವಿಷಯ: ಸೋಲಿನ ಅವಲೋಕನ. ಎದುರು ನಿಂತವ ಮೊನ್ನೆ ಮೊನ್ನೆ ಬಂದವ. ಹಿಂದೆ ಪಕ್ಷ ಇಲ್ಲ, ಅರ್ಧ ಬೂತಿಗೆ ಏಜೆಂಟೂ ಇಲ್ಲ. "ನಾವು ಸಾಮಾನ್ಯ ಜನ, ಅವರೆಲ್ಲ ಒಂದೇ" ಅಂದ, ಗೆದ್ದ. ಯಾಕೆ ಗೆದ್ದ ಅಂದ್ರೆ ಸಭೆಯಲ್ಲಿ ಮೂರು ಕಾರಣ ಬರುತ್ತವೆ: ದುಡ್ಡು, ಜಾತಿ, ಒಳಗಿನವರ ದ್ರೋಹ. ನಾಲ್ಕನೆಯದು ಬರುವ ಮೊದಲೇ ಚಾ ಮುಗಿದಿರುತ್ತದೆ.

ಇಂಥ ಸಭೆಗಳಲ್ಲಿ ಎರಡು ಸಲ ನಾನೇ ಮಿನಿಟ್ಸ್ ಬರೆದಿದ್ದೇನೆ. ಎರಡೂ ಸಲ ಬರೆದದ್ದು ಹೆಚ್ಚುಕಡಿಮೆ ಒಂದೇ. ಮುಂದಿನ ಚುನಾವಣೆಯಲ್ಲಿ ಮತ್ತೆ ಅದೇ ಕಥೆ.

ಕೆಡುವುದು ಎಲ್ಲಿ ಅಂದ್ರೆ, ನಾವು ಆ ಅಭ್ಯರ್ಥಿಯ ವಿಡಿಯೊಗಳನ್ನು ಹತ್ತು ಸಲ ನೋಡುತ್ತೇವೆ. ಅವನಿಗೆ ವೋಟು ಹಾಕಿದವರ ಮನೆಗೆ ಒಂದು ಸಲವೂ ಹೋಗುವುದಿಲ್ಲ. ಈ ಬರಹದಲ್ಲಿ ಇರುವುದು ಆ ಎರಡನೇ ಕೆಲಸದ ಕ್ರಮ. ಯಾವ ಪಕ್ಷಕ್ಕೂ ಆಗುತ್ತದೆ. 'ಪಾಪ್ಯುಲಿಸ್ಟ್' ಅಂತ ನಾನು ಹೇಳುವುದು ಒಂದು ಗೆರೆ ಎಳೆದು ವೋಟು ಕೇಳುವವರನ್ನು: ಗೆರೆಯ ಈಚೆ ಜನ, ಆಚೆ ದೊಡ್ಡವರು. ಎಡವಾ ಬಲವಾ, ಗಂಡಸಾ ಹೆಂಗಸಾ ಅನ್ನುವುದು ಇಲ್ಲಿ ಮುಖ್ಯ ಅಲ್ಲ.

ಬೇಕಾಗುವ ಸಾಮಾನು

ಬೂತುವಾರು ಅಂಕಿ. ವಿಧಾನಸಭೆ, ಲೋಕಸಭೆಗೆ ಇದು ಫಾರ್ಮ್ 20ರಲ್ಲಿ ಸಿಗುತ್ತದೆ. ಪ್ರತಿ ಬೂತಿನಲ್ಲಿ ಒಟ್ಟು ಎಷ್ಟು ವೋಟು ಬಿತ್ತು ಅನ್ನುವುದು ನಿಮ್ಮ ಏಜೆಂಟಿಗೆ ಕೊಟ್ಟ ಫಾರ್ಮ್ 17ಸಿಯಲ್ಲಿ ಇರುತ್ತದೆ. ಅದನ್ನು ಏಜೆಂಟ್ ಪ್ಯಾಂಟ್ ಕಿಸೆಯಲ್ಲಿಟ್ಟು ಒಗೆಯಲು ಹಾಕುವ ಮೊದಲು ಇಸ್ಕೊಳ್ಳಿ. ಹಿಂದಿನ ಚುನಾವಣೆಯ ಅಂಕಿಯೂ ಬೇಕು, ಯಾಕಂದ್ರೆ ಒಂದೇ ವರ್ಷದ ಅಂಕಿ ಏನನ್ನೂ ಹೇಳುವುದಿಲ್ಲ.

ಮತ್ತೆ ವೋಟರ್ ಲಿಸ್ಟ್, ಎರಡು ನೋಟ್‌ಬುಕ್, ನಾಲ್ಕು ಜನ, ಮೂರು ವಾರ. ನಾಲ್ವರಲ್ಲಿ ಇಬ್ಬರಾದರೂ ಹೆಂಗಸರಿರಲಿ. ಸೋತ ಅಭ್ಯರ್ಥಿ ಬೇಡ. ಮಂಡಲದ ಪದಾಧಿಕಾರಿಗಳೂ ಬೇಡ. ಕುಟುಂಬಶ್ರೀಯಲ್ಲಿ (ಕೇರಳದ ಹೆಂಗಸರ ಸ್ವಸಹಾಯ ಸಂಘಗಳು) ಓಡಾಡುವವರೊಬ್ಬರು, ಅಂಗಡಿ ಇಟ್ಟವರೊಬ್ಬರು ಸಿಕ್ಕಿದರೆ ಬಹಳ ಒಳ್ಳೆಯದು. ಅವರಿಗೆ ಕೇಳಿಸಿಕೊಂಡು ಅಭ್ಯಾಸ ಇರುತ್ತದೆ.

ಹಂತ 1: ಸಭೆ ಮುಂದೂಡಿ

ಮೊದಲ ತಪ್ಪು ಕ್ರಮದಲ್ಲೇ ಇದೆ. ಫಲಿತಾಂಶ ಬಂದ ವಾರದೊಳಗೆ ಸಭೆ ಕರೆಯುತ್ತಾರೆ. ಆಗ ಎಲ್ಲರ ಕೈಯಲ್ಲಿ ಇರುವುದು ಸಿಟ್ಟು ಮಾತ್ರ. ಸಿಟ್ಟಿನಲ್ಲಿ ಒಂದು ಕಾರಣ ಹೇಳಿದವ ಆಮೇಲೆ ಅದನ್ನು ಬಿಟ್ಟುಕೊಡುವುದಿಲ್ಲ. ಮಿನಿಟ್ಸಿನಲ್ಲಿ ಬಂದಾಗಿದೆಯಲ್ಲ! ಹಾಗಾಗಿ ಮೊದಲು ಅಂಕಿ, ಆಮೇಲೆ ಮನೆ ಭೇಟಿ, ಕೊನೆಗೆ ಸಭೆ.

ಈ ಮಧ್ಯೆ ಒಂದೇ ಕಟ್ಟುನಿಟ್ಟು: ವಾಟ್ಸ್ಯಾಪ್ ಗ್ರೂಪಿನಲ್ಲಿ ಮತದಾರರನ್ನು ಬೈಯಬಾರದು. "ಐನೂರು ರೂಪಾಯಿಗೆ ಮಾರಿಕೊಂಡವರು", "ಇವರಿಗೆ ಬುದ್ಧಿ ಬರುವುದಿಲ್ಲ" ಅನ್ನುವ ಮೆಸೇಜ್ ಸಂಜೆಯೊಳಗೆ ಅವರ ಫೋನಿಗೆ ಮುಟ್ಟುತ್ತದೆ. 2016ರ ಸೆಪ್ಟೆಂಬರಿನಲ್ಲಿ ಹಿಲರಿ ಕ್ಲಿಂಟನ್ ಟ್ರಂಪ್ ಬೆಂಬಲಿಗರಲ್ಲಿ ಅರ್ಧದಷ್ಟು ಜನರನ್ನು 'ಡಿಪ್ಲೋರಬಲ್ಸ್' ಅಂದರು, ಅಂದರೆ ಛೀ ಅನ್ನಬೇಕಾದವರು. ಮರುದಿನ, ಅರ್ಧ ಅಂದದ್ದು ತಪ್ಪಾಯ್ತು ಅಂದರು. ಆದರೆ ಕೆಲವೇ ದಿನಗಳಲ್ಲಿ ಆ ಬೆಂಬಲಿಗರು ಅದೇ ಪದವನ್ನು ಟೀಶರ್ಟಿನ ಮೇಲೆ ಹಾಕಿಕೊಂಡು ತಿರುಗತೊಡಗಿದರು. ಬೈಸಿಕೊಂಡವರು ಒಟ್ಟಾಗುತ್ತಾರೆ. ಅವರನ್ನು ಒಟ್ಟು ಮಾಡುವ ಕೆಲಸವನ್ನು ನೀವೇ ಮಾಡಿಕೊಡಬೇಡಿ.

ಹಂತ 2: ಅಂತರವನ್ನು ಬಿಟ್ಟು ಏರಿಳಿತವನ್ನು ನೋಡಿ

ನಮ್ಮ ಜಿಲ್ಲೆಯಲ್ಲಿ ಇದು ಜಾಸ್ತಿ ಮುಖ್ಯ. 2016ರಲ್ಲಿ ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಗೆಲುವಿನ ಅಂತರ 89 ವೋಟು. 2021ರಲ್ಲಿ 745. ಅಂತರ 89 ಇದ್ದಾಗ ಯಾರು ಯಾವ ಕಾರಣ ಹೇಳಿದರೂ ನಿಜವೇ! ಸೋತವರ ಹೆಸರನ್ನೇ ಹೋಲುವ ಇನ್ನೊಬ್ಬ ಅಭ್ಯರ್ಥಿಗೆ ಆ ವರ್ಷ 467 ವೋಟು ಹೋಗಿತ್ತು. ಅದೊಂದೇ ಸಾಕು ಅನ್ನಬಹುದು. ಮಳೆ ಬಂದದ್ದು, ಗಲ್ಫಿನಿಂದ ನಾಲ್ಕು ಜನ ಬಾರದ್ದು, ಒಂದು ಬೂತಿನಲ್ಲಿ ಸಾಲು ಉದ್ದ ಇದ್ದದ್ದು, ಯಾವುದನ್ನು ಹೇಳಿದರೂ ಲೆಕ್ಕ ಸರಿಹೋಗುತ್ತದೆ. ಎಲ್ಲರ ನೆಪಕ್ಕೂ ಜಾಗ ಇರುವ ಅಂಕಿಯಿಂದ ಕಲಿಯುವುದಕ್ಕೆ ಏನೂ ಇಲ್ಲ.

ಅದಕ್ಕೇ ಪ್ರತಿ ಬೂತಿನಲ್ಲಿ ನಿಮ್ಮ ವೋಟು ಹಿಂದಿನ ಸಲಕ್ಕಿಂತ ಎಷ್ಟು ಏರಿತು, ಎಷ್ಟು ಇಳಿಯಿತು ಅನ್ನುವುದನ್ನು ಮಾತ್ರ ಬರೆಯಿರಿ. ಪಂಚಾಯತ್ ಚುನಾವಣೆಯಾದರೆ ವಾರ್ಡಿನ ಗಡಿ ಬದಲಾಗಿದೆಯಾ ಅಂತ ಮೊದಲು ನೋಡಿಕೊಳ್ಳಿ. ಇಲ್ಲದಿದ್ದರೆ ಅಡಿಕೆಗೂ ತೆಂಗಿಗೂ ಹೋಲಿಕೆ ಮಾಡಿದ ಹಾಗೆ ಆಗುತ್ತದೆ.

ಪ್ರತಿ ಬೂತಿನ ಎದುರು ಒಂದೇ ಪ್ರಶ್ನೆ ಬರೆಯಿರಿ: ನಮ್ಮವರು ಆಚೆ ಹೋದರಾ, ಮನೆಯಲ್ಲೇ ಕೂತರಾ, ಅಥವಾ ಹೊಸಬರು ಬಂದು ಅವನಿಗೆ ಹಾಕಿದರಾ? ನಿಮ್ಮ ವೋಟು ಇಳಿದು ಒಟ್ಟು ಮತದಾನವೂ ಇಳಿದಿದ್ದರೆ ನಿಮ್ಮವರು ಮನೆಯಲ್ಲಿ ಕೂತಿರುವ ಸಂಭವ ಜಾಸ್ತಿ. ನಿಮ್ಮ ವೋಟು ಇದ್ದಷ್ಟೇ ಇದ್ದು ಒಟ್ಟು ಏರಿದ್ದರೆ, ಇಷ್ಟು ದಿನ ನಿಮ್ಮ ಕಣ್ಣಿಗೆ ಬೀಳದ ಜನರನ್ನು ಅವ ಬೂತಿಗೆ ಕರೆದುಕೊಂಡು ಬಂದಿದ್ದಾನೆ. ಇವು ಮೂರೂ ಬೇರೆ ಬೇರೆ ಕಾಯಿಲೆ. ಇಳಿತ ಜಾಸ್ತಿ ಇರುವ ಮೂರು ಬೂತು ಆರಿಸಿ. ಮುಂದಿನ ಕೆಲಸ ಅಲ್ಲಿ ಮಾತ್ರ.

ಹಂತ 3: ಮನೆಗಳಿಗೆ ಹೋಗಿ, ಬಾಯಿ ಮುಚ್ಚಿಕೊಳ್ಳಿ

ಬೂತಿಗೆ ಹದಿನೈದು ಮನೆ, ಇಬ್ಬಿಬ್ಬರಾಗಿ. ಪಕ್ಷದ ಶಾಲು ಬೇಡ. ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಡಿ, ಫೋಟೊ ತೆಗೆಯಬೇಡಿ. ನೋಟ್‌ಬುಕ್ಕಿನಲ್ಲಿ ಮನೆಯವರ ಹೆಸರು ಬರೆಯಬೇಡಿ, ಬೂತ್ ನಂಬರ್ ಮಾತ್ರ ಸಾಕು. ಯಾರಿಗೆ ವೋಟು ಹಾಕಿದಿರಿ ಅಂತ ಯಾವತ್ತೂ ಕೇಳಬಾರದು. ಅದು ಗುಟ್ಟು, ಅವರ ಹಕ್ಕು. ಕೇಳಿದರೆ ಹೇಗೂ ಸುಳ್ಳೇ ಸಿಗುವುದು.

ಕೇಳಬೇಕಾದ್ದು ಮೂರು. ಕಳೆದ ವರ್ಷ ಯಾವ ಕಚೇರಿಗೆ ಎಷ್ಟು ಸಲ ಹೋದಿರಿ? ಕಷ್ಟ ಬಂದಾಗ ಮೊದಲು ಯಾರಿಗೆ ಫೋನ್ ಮಾಡಿದಿರಿ? ಅವರು ಎತ್ತಿದರಾ? ಇಷ್ಟು ಕೇಳಿ ಸುಮ್ನೆ ಕೂರಿ. ಉತ್ತರದ ನಡುವೆ "ಅದು ನಮ್ಮ ತಪ್ಪಲ್ಲ, ರಾಜ್ಯ ಸರ್ಕಾರದ್ದು" ಅಂತ ವಕಾಲತ್ತು ಶುರು ಮಾಡಿದರೆ ಆ ಮನೆ ಅಲ್ಲಿಗೆ ಮುಗಿಯಿತು.

ಮನೆಯ ಭಾಷೆಯಲ್ಲೇ ಮಾತಾಡಿ. ಒಂದೇ ಓಣಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಹವ್ಯಕ ಕನ್ನಡ ಎಲ್ಲ ಇರುವ ಊರು ನಮ್ಮದು. ಜಗಲಿಯಲ್ಲಿ ಗಂಡಸು ಗ್ರಾಂಥಿಕ ಕನ್ನಡದಲ್ಲಿ "ಎಲ್ಲ ಚೆನ್ನಾಗಿದೆ" ಅನ್ನುತ್ತಾನೆ. ಒಳಗಿನಿಂದ ಹೆಂಗಸು ತುಳುವಿನಲ್ಲಿ ನಿಜ ಹೇಳುತ್ತಾಳೆ. ಅವಳ ಮಾತು ಬರೆದುಕೊಳ್ಳಿ.

ನನಗೆ ಈ ಕೆಲಸ ಅರ್ಥವಾದದ್ದು ಪೆರ್ಲದ ಆಚೆ ಒಂದು ಮನೆಯಲ್ಲಿ. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಅಜ್ಜಿ ಬೆಲ್ಲ, ನೀರು ತಂದಿಟ್ಟರು. ಆ ವಾರ್ಡಿನಲ್ಲಿ ಗೆದ್ದ ಪಕ್ಷೇತರನ ಬಗ್ಗೆ ನಾವು ಏನೂ ಕೇಳಲಿಲ್ಲ. ಕಚೇರಿ ಅಂದ ಕೂಡಲೇ ಅವರೇ ಒಳಗೆ ಹೋಗಿ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲ ತಂದರು. ಅದರ ತುಂಬ ಕಾಗದ. ಮೇಲಿನದು ಮಲಯಾಳದಲ್ಲಿ ಬಂದ ಒಂದು ಪತ್ರ. ಮಡಚಿ ಮಡಚಿ ಮಡಿಕೆಯಲ್ಲೇ ಹರಿದಿತ್ತು.

"ಇದು ಎಂತ ಅಂತ ನನಗೆ ಗೊತ್ತೇ ಇರಲಿಲ್ಲ ಮಗಾ. ಅವ ಬಂದು ಇಲ್ಲೇ ಕೂತು ಓದಿ ತುಳುವಿನಲ್ಲಿ ಹೇಳಿದ."

ಪತ್ರದಲ್ಲಿ ಇದ್ದದ್ದು ಇಷ್ಟೆ: ಮಸ್ಟರಿಂಗ್, ಅಂದರೆ ಬದುಕಿದ್ದೇನೆ ಅಂತ ಬೆರಳಚ್ಚು ಕೊಟ್ಟು ತೋರಿಸುವುದು, ಆಗಿಲ್ಲ, ಹಾಗಾಗಿ ಪೆನ್ಶನ್ ನಿಂತಿದೆ, ಸರ್ಕಾರಿ ಸೇವೆಯ ಅಕ್ಷಯ ಕೇಂದ್ರಕ್ಕೆ ಹೋಗಿ ಬೆರಳು ಕೊಡಬೇಕು.

"ಪೆನ್ಶನ್ ಮತ್ತೆ ಬಂತಾ ಅಜ್ಜೀ?"

"ಇಲ್ಲ. ನನ್ನ ಬೆರಳು ಮಿಷನ್ನಿಗೆ ಗೊತ್ತಾಗುವುದಿಲ್ಲವಂತೆ. ಆದ್ರೆ ಅವ ಓದಿ ಹೇಳಿದನಲ್ಲ."

ನನ್ನ ಜೊತೆಗಿದ್ದವ ಆ ವಾರ್ಡಿನಲ್ಲಿ ಹದಿನಾಲ್ಕು ವರ್ಷ ಪಕ್ಷದ ಕೆಲಸ ಮಾಡಿದವ. ಮಲಯಾಳ ಚೆನ್ನಾಗಿ ಓದುತ್ತಾನೆ. ಚುನಾವಣೆಗೆ ಮೊದಲು ಆ ಮನೆಗೆ ಮೂರು ಸಲ ಸ್ಲಿಪ್ ಕೊಟ್ಟು ಬಂದಿದ್ದ. ವಾಪಸ್ ಬರುವಾಗ ಬೈಕಿನಲ್ಲಿ ಒಂದು ಮಾತೂ ಆಡಲಿಲ್ಲ.

ಹಂತ 4: ಮೂರು ಕಾಲಂ ಗೀಚಿ

ಎಲ್ಲಕ್ಕಿಂತ ಜಾಸ್ತಿ ತಪ್ಪಾಗುವುದು ಇಲ್ಲಿ, ಸ್ವಲ್ಪ ನಿಧಾನವಾಗಿ ಓದಿ. ಎರಡನೇ ನೋಟ್‌ಬುಕ್ ತೆಗೆದು ಪುಟಕ್ಕೆ ಮೂರು ಕಾಲಂ ಮಾಡಿ: ದೂರು, ಬೈಗುಳ, ಭರವಸೆ. ಅವ ಹೇಳಿದ್ದು, ಮನೆಗಳಲ್ಲಿ ಕೇಳಿದ್ದು ಎಲ್ಲವನ್ನೂ ಈ ಮೂರರಲ್ಲಿ ಹಂಚಿ.

ದೂರು ಅಂದ್ರೆ ಜನರ ನಿಜವಾದ ಕಷ್ಟ. ಬೈಗುಳ ಅಂದ್ರೆ ಆ ಕಷ್ಟಕ್ಕೆ ಕಾರಣ ಅಂತ ಅವ ಬೆರಳು ತೋರಿಸಿದ ಜನ. ಭರವಸೆ ಅಂದ್ರೆ ಅವ ಕೊಡುವ ಮದ್ದು. ಅವನ ಭಾಷಣದಲ್ಲಿ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ, ಅದೇ ಅವನ ಕೈಚಳಕ. ನಾವು ಎರಡು ಬಗೆಯಲ್ಲಿ ಕೆಡುತ್ತೇವೆ. ಬೈಗುಳ ಅಸಹ್ಯ ಅಂತ ದೂರನ್ನೂ ಸೇರಿಸಿ ಎಸೆಯುವುದು ಒಂದು. ಭರವಸೆ ಕೆಲಸ ಮಾಡಿತು ಅಂತ ಅದನ್ನೇ ನಕಲು ಹೊಡೆಯುವುದು ಇನ್ನೊಂದು.

ಎರಡನೆಯದಕ್ಕೆ ಆಂಧ್ರದಲ್ಲಿ ಒಳ್ಳೆಯ ಪಾಠ ಇದೆ. 1982ರ ಮಾರ್ಚ್ 29ರಂದು ಎನ್.ಟಿ. ರಾಮರಾವ್ ತೆಲುಗು ದೇಶಂ ಕಟ್ಟಿದರು. ಕಿಲೋಗೆ 2 ರೂಪಾಯಿ ಅಕ್ಕಿ ಅಂದರು. ಕಾಂಗ್ರೆಸ್ ಸರ್ಕಾರ ಚುನಾವಣೆಗೆ ಮೊದಲೇ 1 ರೂಪಾಯಿ 90 ಪೈಸೆಗೆ ಅಕ್ಕಿ ಕೊಡಲು ಹೊರಟಿತು. ಹತ್ತು ಪೈಸೆ ಕಡಿಮೆ! ಆದರೂ 1983ರ ಜನವರಿಯಲ್ಲಿ ಸೋತಿತು. ಯಾಕಂದ್ರೆ ದೂರು ಅಕ್ಕಿಯದ್ದು ಮಾತ್ರ ಆಗಿರಲಿಲ್ಲ. ದೆಹಲಿಯವರು ನಮ್ಮ ಮುಖ್ಯಮಂತ್ರಿಗಳನ್ನು ಬೇಕೆಂದಾಗ ಬದಲಿಸುತ್ತಾರೆ, ಹೈದರಾಬಾದಿನ ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ಮುಖ್ಯಮಂತ್ರಿ ಅಂಜಯ್ಯನವರನ್ನು ರಾಜೀವ್ ಗಾಂಧಿ ಎಲ್ಲರೆದುರು ಗದರಿದರು ಅನ್ನುವ ಅವಮಾನ ಜನರ ಹೊಟ್ಟೆಯಲ್ಲಿತ್ತು. ಅವಮಾನಕ್ಕೆ ಅಕ್ಕಿ ಮದ್ದಲ್ಲ.

ನಮ್ಮಲ್ಲಿ ದೂರಿನ ಕಾಲಂ ಬೇಗ ತುಂಬುತ್ತದೆ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ, ಕೆಲಸ ವರ್ಷಗಟ್ಟಲೆ ಎಳೆಯಿತು. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳ ಆಂಬುಲೆನ್ಸ್ ಮಂಗಳೂರಿಗೆ ಹೋಗಲಾರದೆ ನಿಂತಿತು. ಆ ದಿನಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಗೇರು ತೋಟಕ್ಕೆ ಸಿಂಪಡಿಸಿದ ಕೀಟನಾಶಕ ಎಂಡೋಸಲ್ಫಾನಿನಿಂದ ಬಾಧಿತರಾದವರಿಗೆ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ಹೇಳಿತ್ತು. ದುಡ್ಡಿಗಾಗಿ ಎಷ್ಟೋ ಮನೆಯವರು ಅದರ ನಂತರವೂ ವರ್ಷಗಟ್ಟಲೆ ಅಲೆದರು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬರುವ ಸಂಕಟ ಬೇರೆಯೇ ಇದೆ. ಅವ ಇವುಗಳಲ್ಲಿ ಒಂದನ್ನು ಎತ್ತಿಕೊಂಡು ಪಕ್ಕದ ಮನೆಯ ಬೇರೆ ಭಾಷೆಯವನ ಕಡೆ, ಬೇರೆ ಧರ್ಮದವನ ಕಡೆ ಬೆರಳು ತೋರಿಸಿದ್ದರೆ ಆ ಬೆರಳು ಎರಡನೇ ಕಾಲಂಗೆ ಹೋಗಲಿ. ದೂರು ಮೊದಲನೆಯದರಲ್ಲೇ ಇರಲಿ. ಎರಡನೇ ಕಾಲಂನಿಂದ ನೀವು ಏನನ್ನೂ ತೆಗೆದುಕೊಳ್ಳಬಾರದು. ಅದು ಗೆಲ್ಲಿಸುತ್ತದೆ ಅಂತ ಗೊತ್ತಿದ್ದರೂ ಬೇಡ. ನಾಳೆ ಅದೇ ಓಣಿಯಲ್ಲಿ ನಿಮ್ಮ ಮಕ್ಕಳೂ ನಡೆಯಬೇಕಲ್ವಾ?

ಆಮೇಲೆ ಒಂದು ಕಷ್ಟದ ಕೆಲಸ. ಪ್ರತಿ ದೂರಿನ ಪಕ್ಕ, ಅದರಲ್ಲಿ ನಿಮ್ಮ ಪಕ್ಷದ ಪಾಲು ಎಷ್ಟು ಅಂತ ಒಂದು ಸಾಲು ಬರೆಯಿರಿ. ಇಲ್ಲಿ ಪೆನ್ನು ನಿಲ್ಲುತ್ತದೆ. ನಿಲ್ಲಲಿ, ಆದ್ರೆ ಖಾಲಿ ಬಿಡಬೇಡಿ.

ಇನ್ನೊಂದು ಗಮನಿಸಿ: ಅಭ್ಯರ್ಥಿ ಹೋದರೂ ದೂರು ಹೋಗುವುದಿಲ್ಲ. 1960ರಲ್ಲಿ ಮಂಜೇಶ್ವರದ ಜನ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅನ್ನುತ್ತಿದ್ದ ಕರ್ನಾಟಕ ಸಮಿತಿಯ ಮಹಾಬಲ ಭಂಡಾರಿಯವರನ್ನು ವಿಧಾನಸಭೆಗೆ ಕಳಿಸಿದ್ದು ಭಾಷೆಯ ನೋವಿಗೆ. 1970ರಲ್ಲಿ ಸೀಟು ಸಮಿತಿಯ ಕೈತಪ್ಪಿ ಪಕ್ಷವೊಂದರ ಕೈಗೆ ಬಂತು. ನೋವು ಇವತ್ತೂ ಇದೆ. ಹಾಗಾಗಿ ಆ ಪಕ್ಷೇತರ ಮುಂದಿನ ಸಲ ನಿಲ್ಲುವುದಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ.

ಹಂತ 5: ಮಾತಿನ ರೀತಿ ಸರಿಮಾಡಿ

ಅವನಿಂದ ನೇರವಾಗಿ ಸಾಲ ಪಡೆಯಬಹುದಾದ್ದು ಕೆಲವಿವೆ. ಸಣ್ಣ ವಾಕ್ಯ. ಒಂದು ಭಾಷಣಕ್ಕೆ ಒಂದೇ ಅಂಕಿ. "ಸಂಬಂಧಪಟ್ಟ ಇಲಾಖೆಯ ಗಮನಕ್ಕೆ ತರಲಾಗುವುದು" ಅನ್ನುವ ಬದಲು "ಸೋಮವಾರ ನಾನು ಹೋಗುತ್ತೇನೆ". ತಪ್ಪಾಗಿದ್ದರೆ ತಪ್ಪಾಯ್ತು ಅನ್ನುವುದು.

ನಮ್ಮ ಕಡೆಯ ಪಕ್ಷಗಳಿಗೆ ಇನ್ನೊಂದು ರೋಗ ಇದೆ: ಮೇಲಿನಿಂದ ಮಲಯಾಳದಲ್ಲಿ ಬಂದ ನೋಟಿಸನ್ನು (ಕರಪತ್ರವನ್ನು) ರಾತ್ರೋರಾತ್ರಿ ಕನ್ನಡ ಲಿಪಿಗೆ ಇಳಿಸುವುದು. ಮಲಯಾಳದ 'ಅಪೇಕ್ಷೆ' ಅಂದ್ರೆ ಅರ್ಜಿ. ನಮಗೆ ಅಪೇಕ್ಷೆ ಅಂದ್ರೆ ಆಸೆ. "ಅಪೇಕ್ಷೆ ಸಲ್ಲಿಸಿ" ಅಂತ ಓದಿ ಜನ ನಗುತ್ತಾರೆ, ಅದು ಹೋಗಲಿ. ಆದರೆ ಮಲಯಾಳದ 'ಅವಕಾಶ' ಅಂದ್ರೆ ಹಕ್ಕು. ಅದನ್ನು ಹಾಗೇ ಇಟ್ಟು "ಚಿಕಿತ್ಸೆ ಜನರ ಅವಕಾಶ" ಅಂತ ಅಚ್ಚು ಹಾಕಿದರೆ, ಹಕ್ಕು ಅಂತ ಕೂಗಬೇಕಾದ್ದು 'ಸಿಕ್ಕಿದರೆ ಸಿಗಲಿ' ಅನ್ನುವ ಹಾಗೆ ಆಗುತ್ತದೆ. ಆ ಪಕ್ಷೇತರನ ಹತ್ತಿರ ನೋಟಿಸೇ ಇರಲಿಲ್ಲ. ಬಾಯಲ್ಲಿ ಹೇಳಿದ, ಊರಿನ ಮಾತಿನಲ್ಲಿ ಹೇಳಿದ.

ಪರೀಕ್ಷೆ ಸುಲಭ. ನೋಟಿಸನ್ನು ಬದಿಯಡ್ಕದಲ್ಲೋ ಕುಂಬಳೆಯಲ್ಲೋ ಚಾ ಹೋಟೆಲಿನಲ್ಲಿ ಒಬ್ಬರಿಗೆ ಓದಿ ಹೇಳಿ. "ಅಂದ್ರೆ ಎಂತ ಮಾರಾಯ್ರೇ?" ಅಂತ ಕೇಳಿದರೆ ಪ್ರೆಸ್ಸಿಗೆ ಕೊಡಬೇಡಿ.

ಎಚ್ಚರ: ರೀತಿಯನ್ನು ಕಲಿಯುವುದು ಬೇರೆ, ವೇಷ ಹಾಕುವುದು ಬೇರೆ. ಮೂವತ್ತು ವರ್ಷ ಇಸ್ತ್ರಿ ಶರ್ಟಿನಲ್ಲಿದ್ದ ನಾಯಕರು ಒಮ್ಮೆಲೇ ಮುಂಡಾಸು ಕಟ್ಟಿ ಗದ್ದೆಗಿಳಿದು ರೀಲ್ಸ್ ಮಾಡಿದರೆ ಗದ್ದೆಯವರೇ ಮೊದಲು ನಗುವುದು.

ಹಂತ 6: ತೊಂಬತ್ತು ದಿನ, ಒಂದೇ ಕೆಲಸ

ದೂರಿನ ಕಾಲಂನಿಂದ ಒಂದನ್ನು ಮಾತ್ರ ಆರಿಸಿ. ದೊಡ್ಡದು ಬೇಡ. ಮೆಡಿಕಲ್ ಕಾಲೇಜು ಪೂರ್ತಿ ಮಾಡಿಸುವುದು ವಾರ್ಡ್ ಸಮಿತಿಯ ಕೈಯಲ್ಲಿಲ್ಲ. ಅಂಥ ಭರವಸೆ ಕೊಟ್ಟರೆ ನೀವೂ ಅವನ ಸಾಲಿಗೇ ಸೇರಿದಿರಿ.

ಅಜ್ಜಿಯ ಚೀಲ ನೋಡಿದ ಮೇಲೆ ನಾವು ಆರಿಸಿಕೊಂಡದ್ದು ಕಾಗದ ಓದುವ ಕೆಲಸ. ಶನಿವಾರ ಮಧ್ಯಾಹ್ನದ ಮೇಲೆ ಅಂಗಡಿಯ ಜಗಲಿಯಲ್ಲಿ ಒಂದು ಮೇಜು, ಎರಡು ಕುರ್ಚಿ. ಮಲಯಾಳ ಓದಬಲ್ಲ ಒಬ್ಬರು, ಅರ್ಜಿ ಬರೆಯಬಲ್ಲ ಒಬ್ಬರು. ಪಕ್ಷದ ಬ್ಯಾನರ್ ಇಲ್ಲ. ಬಂದ ಕಾಗದವನ್ನು ಓದಿ ಹೇಳುವುದು, ಯಾವ ಕಚೇರಿಗೆ ಹೋಗಬೇಕು ಅಂತ ಚೀಟಿ ಬರೆದುಕೊಡುವುದು. ಉತ್ತರ ಬರೆಯಬೇಕಾದರೆ ಕನ್ನಡದಲ್ಲೇ ಬರೆದೆವು. ಸಂವಿಧಾನದ 350ನೇ ವಿಧಿಯ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕುಂದುಕೊರತೆಯ ಮನವಿ ಕೊಡಬಹುದು. ಇದು ಗೊತ್ತಿಲ್ಲದ ಗುಮಾಸ್ತರೂ ಇದ್ದಾರೆ, ಹಾಗಾಗಿ ಸಾಲನ್ನು ಅರ್ಜಿಯ ತಲೆಯಲ್ಲೇ ಬರೆದುಬಿಡಿ.

ಬಗೆಹರಿಯದ್ದನ್ನು ಗ್ರಾಮಸಭೆಗೆ ಒಯ್ಯಿರಿ. ಕೇರಳದಲ್ಲಿ ಗ್ರಾಮಸಭೆ ವಾರ್ಡಿನ ಮಟ್ಟದ್ದು, ಮೂರು ತಿಂಗಳಿಗೊಮ್ಮೆ ಸೇರಬೇಕು ಅಂತ ಕಾನೂನು. ಸೋತ ಪಕ್ಷದವರು ಅಲ್ಲಿಗೆ ಹೋಗುವುದನ್ನೇ ಬಿಡುತ್ತಾರೆ. ಅದು ದೊಡ್ಡ ತಪ್ಪು. ಹೋಗಿ, ದೂರು ಹೇಳಿ, ಮಿನಿಟ್ಸಿನಲ್ಲಿ ಬರೆಸಿ, ಬರೆದದ್ದನ್ನು ಓದಿಸಿ.

ಹಂತ 7: ಈಗ ಸಭೆ ಕರೆಯಿರಿ

ಮೂರು ಕಾಲಂನ ಪುಟ ಮೊದಲು ಓದಿ, ಆಮೇಲೆ ಚಾ. ದುಡ್ಡು, ಜಾತಿ, ದ್ರೋಹ ಅಂತ ಯಾರಾದರೂ ಶುರು ಮಾಡಿದರೆ ಯಾವ ಬೂತು, ಎಷ್ಟು ವೋಟು ಅಂತ ಕೇಳಿ. ಕೆಲವು ಕಡೆ ನಿಜವೇ ಇರಬಹುದು, ಅದನ್ನೂ ಬರೆದುಕೊಳ್ಳಿ.

ಮುಂದಿನ ಅಭ್ಯರ್ಥಿಯ ವಿಷಯ ಬಂದೇ ಬರುತ್ತದೆ. "ನಮಗೂ ಅವನ ಹಾಗೆ ಮಾತಾಡುವವ ಒಬ್ಬ ಬೇಕು" ಅನ್ನುತ್ತಾರೆ. ಬೇಡ. ರಾತ್ರಿ ಹನ್ನೊಂದಕ್ಕೆ ಆಂಬುಲೆನ್ಸ್ ಬೇಕಾದಾಗ ಊರಿನವರು ಈಗಾಗಲೇ ಯಾರಿಗೆ ಫೋನ್ ಮಾಡುತ್ತಾರೆ ಅನ್ನುವುದು ಮನೆ ಭೇಟಿಯ ನೋಟ್‌ಬುಕ್ಕಿನಲ್ಲಿದೆ. ಆ ಹೆಸರು ನಾಲ್ಕೈದು ಮನೆಯಲ್ಲಿ ಬಂದಿದ್ದರೆ ಅವರ ಹತ್ತಿರ ಹೋಗಿ ಕೇಳಿ. ಅವರಿಗೆ ಭಾಷಣ ಬಾರದಿದ್ದರೂ ನಡೆಯುತ್ತದೆ.

ಕೆಲಸ ಹಳಿ ತಪ್ಪುತ್ತಿದೆ ಅನ್ನುವ ಲಕ್ಷಣಗಳು

ಶನಿವಾರದ ಮೇಜಿಗೆ ಫ್ಲೆಕ್ಸ್ ಬಂತು, ಅದರಲ್ಲಿ ನಾಯಕರ ಫೋಟೊ ಬಂತು ಅಂದ್ರೆ ಮುಂದಿನ ವಾರ ಜನ ಕಡಿಮೆ ಬರುತ್ತಾರೆ. ಸಹಾಯ ಮಾಡಿದ ಮನೆಯವರ ಫೋಟೊ ಸ್ಟೇಟಸ್ಸಿಗೆ ಹಾಕಿದರೆ ಅವರು ಮತ್ತೆ ಬರುವುದೇ ಇಲ್ಲ.

ನೋಟ್‌ಬುಕ್ಕಿನಲ್ಲಿ ದೂರಿಗಿಂತ ನಿಮ್ಮ ಸಮರ್ಥನೆಯೇ ಜಾಸ್ತಿ ಇದ್ದರೆ ಹೋದವರು ಕೇಳಿಲ್ಲ, ಮಾತಾಡಿದ್ದಾರೆ. ಬೇರೆಯವರನ್ನು ಕಳಿಸಿ.

ಮನೆಗೆ ಹೋದಾಗ ಎಲ್ಲರೂ "ನೋಡುವ, ನೋಡುವ" ಅಂತ ನಕ್ಕು ಕಳಿಸಿದರೆ ಅದು ಒಪ್ಪಿಗೆ ಅಲ್ಲ. ನಮ್ಮ ಕಡೆ 'ನೋಡುವ' ಅಂದ್ರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಬೈಯುವ ಮನೆಗೆ ಇನ್ನೂ ನಿಮ್ಮ ಮೇಲೆ ಆಸೆ ಇದೆ. ನಯವಾಗಿ ನೀರು ಕೊಟ್ಟು ಕಳಿಸುವ ಮನೆಯ ಬಗ್ಗೆ ಚಿಂತೆ ಮಾಡಿ.

ಹಂತ 8: ಆರು ತಿಂಗಳ ಮೇಲೆ ಅದೇ ಮನೆಗಳಿಗೆ

ಹೊಸ ಮನೆ ಬೇಡ. ಅದೇ ನಲವತ್ತೈದು, ಅದೇ ಇಬ್ಬಿಬ್ಬರು, ಅದೇ ಮೂರು ಪ್ರಶ್ನೆ. ಮೊದಲ ಸಲ ಯಾರಿಗೆ ಫೋನ್ ಮಾಡಿದೆವು ಅಂದಿದ್ದರು, ಈಗ ಯಾರಿಗೆ ಅನ್ನುತ್ತಾರೆ ಅಂತ ಪಕ್ಕದಲ್ಲೇ ಬರೆಯಿರಿ. ಪೆರ್ಲದ ಅಜ್ಜಿಯ ಬೆರಳು ಮಿಷನ್ನಿಗೆ ಗೊತ್ತಾಯಿತಾ ಅಂತ ಕೇಳಲು ನಾವು ಹೋದಾಗ ಅವರು ಚೀಲ ತರಲು ಎದ್ದೇ ಬಿಟ್ಟರು, ಅದರಲ್ಲಿ ಇನ್ನೂ ಎರಡು ಕಾಗದ ಜಾಸ್ತಿಯಾಗಿತ್ತು. ಪಂಚಾಯತ್ ಚುನಾವಣೆ ಡಿಸೆಂಬರಿನಲ್ಲಿ ಆಗಿದ್ದರೆ ಈ ಸುತ್ತು ಜೂನಿಗೆ ಬೀಳುತ್ತದೆ. ಕೊಡೆ ತಗೊಂಡು ಹೋಗಿ, ನೋಟ್‌ಬುಕ್ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಳ್ಳಿ.